ಕನ್ನಡಕದ ನಂಬರ್ ಎಲ್ಲಿಗೆ ಹೋಗುತ್ತೆ?

ಲೇಸರ್ ಮಾಡಿಸಿಕೊಂಡವರ ಬಗ್ಗೆ ಮನೆಗಳಲ್ಲಿ ಆಡುವ ಮಾತು ಒಂದೇ: ‘ಅವಳಿಗೀಗ ನಂಬರ್ ಹೋಗಿದೆ.’ ಜ್ವರ ಬಿಟ್ಟಿತು, ಸಾಲ ತೀರಿತು ಅನ್ನುವ ಧಾಟಿಯಲ್ಲೇ. ಗಂಡು ಹೆಣ್ಣು ನೋಡುವ ಮಾತುಕತೆಯಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ, ಅದು ಇರಲಿ. ತಕರಾರು ಇರುವುದು ಆ ‘ಹೋಗಿದೆ’ಯ ಮೇಲೆ. ಹೋಗಿದ್ದಾದರೂ ಎಲ್ಲಿಗೆ?

ಮೈನಸ್ ನಂಬರ್ ಅಂದರೆ ಬಹುಪಾಲು ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದಿದೆ ಎಂದರ್ಥ. ದೊಡ್ಡವರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಇರುತ್ತದೆ. ಅದು ಒಂದು ಮಿಲಿಮೀಟರ್ ಹೆಚ್ಚಾದರೆ ಎರಡೂವರೆಯಿಂದ ಮೂರರಷ್ಟು ನಂಬರ್ ಬಂದಂತೆ. ಮೈನಸ್ 6 ಇರುವವರ ಕಣ್ಣು ಹೆಚ್ಚುಕಡಿಮೆ 26 ಮಿಲಿಮೀಟರ್ ಇದ್ದೀತು. ಬೆಳಕು ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾ ತಲುಪುವ ಮೊದಲೇ ಒಂದೆಡೆ ಕೂಡಿಬಿಡುತ್ತದೆ, ದೂರದ ಬಸ್ಸಿನ ಬೋರ್ಡು ಕಲಸಿಹೋಗುತ್ತದೆ. ಆ ಕೂಡುವ ಜಾಗವನ್ನು ಒಂದಿಷ್ಟು ಹಿಂದಕ್ಕೆ ತಳ್ಳುವುದಷ್ಟೇ ಕನ್ನಡಕ, ಕಾಂಟ್ಯಾಕ್ಟ್ ಲೆನ್ಸ್, ಲೇಸರ್ ಮೂರೂ ಮಾಡುವ ಕೆಲಸ. ಗುಡ್ಡೆಯ ಉದ್ದವನ್ನು ಮೂರರಲ್ಲಿ ಒಂದೂ ಮುಟ್ಟುವುದಿಲ್ಲ. ನಂಬರ್ ಮೊದಲು ಮೂಗಿನ ಮೇಲೆ ಕೂತಿರುತ್ತದೆ, ಆಮೇಲೆ ಕಣ್ಣೀರಿನ ಪದರದ ಮೇಲೆ ತೇಲುತ್ತದೆ, ಕೊನೆಗೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದೊಳಗೇ ಕೆತ್ತಿಸಿಕೊಳ್ಳುತ್ತದೆ. ಮನೆ ಬದಲಾಗುತ್ತದೆ, ಪ್ರತಿ ಮನೆಗೂ ಅದರದ್ದೇ ಬಾಡಿಗೆ.

ಡಬ್ಬಿಯ ಮೇಲಿನ ಅಂಕಿಗಳು

ಕನ್ನಡಕದ ಚೀಟಿ ನೋಡಿಕೊಂಡು ಆನ್‌ಲೈನಿನಲ್ಲಿ ಲೆನ್ಸ್ ತರಿಸುವವರು ಮೊದಲು ಎಡವುವುದು 12 ಮಿಲಿಮೀಟರಿನಲ್ಲಿ. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು ಅಷ್ಟು ದೂರದಲ್ಲಿರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಇರುತ್ತದೆ. ಗಾಜು ಹತ್ತಿರ ಬಂದಷ್ಟೂ ಮೈನಸ್ ಕಡಿಮೆ ಸಾಕು. ಮೈನಸ್ 3ರವರೆಗೆ ಈ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ. ಕನ್ನಡಕ ಮೈನಸ್ 4 ಇದ್ದರೆ ಲೆನ್ಸ್ 3.75, ಮೈನಸ್ 6ಕ್ಕೆ 5.50, ಮೈನಸ್ 8ಕ್ಕೆ 7.25. ಪ್ಲಸ್ ನಂಬರಿನವರಿಗೆ ಇದು ತಿರುಗುಮುರುಗು: ಕನ್ನಡಕದ ಪ್ಲಸ್ 6, ಲೆನ್ಸಿನಲ್ಲಿ 6.50 ಆಗುತ್ತದೆ. ಕನ್ನಡಕದ ಮೈನಸ್ 8ನ್ನೇ ಲೆನ್ಸಿಗೂ ಬರೆದು ತರಿಸಿಕೊಂಡವರಿಗೆ ದೂರದ್ದೆಲ್ಲ ಚೆನ್ನಾಗಿಯೇ ಕಾಣುತ್ತದೆ. ಹಾಗಾಗಿ ತಪ್ಪು ಗೊತ್ತೇ ಆಗುವುದಿಲ್ಲ. ಮುಕ್ಕಾಲು ನಂಬರಿನ ಹೆಚ್ಚುವರಿ ಭಾರವನ್ನು ಕಣ್ಣೊಳಗಿನ ಸ್ನಾಯು ದಿನವಿಡೀ ಹೊರುತ್ತದೆ. ಸಂಜೆಯ ತಲೆನೋವಿಗೆ ಕಾಫಿ ಕುಡಿದು ಸುಮ್ಮನಾಗುತ್ತಾರೆ.

ಡಬ್ಬಿಯ ಮೇಲೆ ಇನ್ನೆರಡು ಅಂಕಿ ಇರುತ್ತವೆ. ಬೇಸ್ ಕರ್ವ್, ಅಂದರೆ ಲೆನ್ಸಿನ ಬಾಗಿನ ಅಳತೆ, ಸಾಮಾನ್ಯವಾಗಿ 8.4ರಿಂದ 8.7 ಮಿಲಿಮೀಟರಿನೊಳಗೆ; ಡಯಾಮೀಟರ್, ಅಂದರೆ ಅಗಲ, 14ರ ಆಸುಪಾಸು. ಬೇಸ್ ಕರ್ವ್ ಕಡಿಮೆಯಾದಷ್ಟೂ ಲೆನ್ಸಿನ ಗುಣಿ ಆಳ. ಕಣ್ಣಿಗೆ ಸರಿಹೊಂದಿದ ಲೆನ್ಸು ಪ್ರತಿ ಸಲ ರೆಪ್ಪೆ ಮಿಟುಕಿಸಿದಾಗ ಕಾಲಿನಿಂದ ಅರ್ಧ ಮಿಲಿಮೀಟರಿನಷ್ಟು ಸರಿದು ಮತ್ತೆ ಸ್ವಸ್ಥಾನಕ್ಕೆ ಬರಬೇಕು, ಆಗಲೇ ಅದರ ಕೆಳಗಿನ ಕಣ್ಣೀರು ಬದಲಾಗುವುದು. ಬಿಗಿ ಲೆನ್ಸಿನ ಮೋಸ ಏನೆಂದರೆ ಅಂಗಡಿಯಲ್ಲಿ ಹಾಕಿಕೊಂಡಾಗ ಅದೇ ಅತ್ಯಂತ ಹಿತವಾಗಿರುತ್ತದೆ, ಯಾಕೆಂದರೆ ಅಲುಗುವುದೇ ಇಲ್ಲ. ನಾಲ್ಕೈದು ಗಂಟೆಯ ನಂತರ ಕರಿಗುಡ್ಡೆಯ ಸುತ್ತ ಕೆಂಪು, ತೆಗೆದ ಮೇಲೆ ಅಂಚಿನ ಗುರುತು. ಸಡಿಲ ಲೆನ್ಸು ಮೊದಲ ನಿಮಿಷದಿಂದಲೇ ಕಿರಿಕಿರಿ ಮಾಡಿ ತನ್ನ ಬಣ್ಣ ತೋರಿಸುತ್ತದೆ. ಅದು ವಾಸಿ.

ಸಿಲಿಂಡರ್, ಅಂದರೆ ಒಂದು ದಿಕ್ಕಿಗೆ ಮಾತ್ರ ಬೇರೆ ನಂಬರ್, ಇರುವವರಿಗೆಂದೇ ಮಾಡಿದ ಟೋರಿಕ್ ಲೆನ್ಸು ಕಣ್ಣಿನಲ್ಲಿ ತಿರುಗಬಾರದು. ಅದಕ್ಕೇ ಕೆಳಭಾಗವನ್ನು ತುಸು ದಪ್ಪ ಮಾಡಿ, ಅಂಚಿನಲ್ಲಿ ಸಣ್ಣ ಗೀಟು ಹಾಕಿರುತ್ತಾರೆ. 10 ಡಿಗ್ರಿ ತಿರುಗಿದರೆ ಸಿಲಿಂಡರಿನ ಮೂರನೇ ಒಂದು ಪಾಲು ಪ್ರಯೋಜನ ಹೋಯಿತು. 30 ಡಿಗ್ರಿ ತಿರುಗಿದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಮಲಗಿಕೊಂಡು ಮೊಬೈಲ್ ನೋಡುವಾಗ ಮಂಜಾದರೆ ನಂಬರ್ ಬದಲಾಗಿದೆ ಎಂದು ಗಾಬರಿಯಾಗಬೇಕಿಲ್ಲ. ಎದ್ದು ಕೂತು ನಾಲ್ಕು ಸಲ ಕಣ್ಣು ಮಿಟುಕಿಸಿ ನೋಡಿ.

ಬಟ್ಟಲೋ, ತಟ್ಟೆಯೋ

ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ ಒಂದು ಪುಟ್ಟ ಮೇಜು, ಪಕ್ಕದಲ್ಲಿ ಬೇಸಿನ್ನು, ಎದುರಿಗೆ ಓರೆಯಾಗಿ ನಿಲ್ಲಿಸಿದ ಕನ್ನಡಿ. ಪಿಯುಸಿ ಮುಗಿಸಿದ ಹುಡುಗಿ ಕೂತಿದ್ದಾಳೆ, ತುದಿಬೆರಳಿನ ಮೇಲೆ ನೀಲಿಛಾಯೆಯ ಲೆನ್ಸು ನಡುಗುತ್ತಿದೆ. ಇಪ್ಪತ್ತು ನಿಮಿಷದಿಂದ ಬೆರಳು ಹತ್ತಿರ ಹೋಗುತ್ತದೆ, ಕಣ್ಣು ಮುಚ್ಚುತ್ತದೆ. ಹಿಂದೆ ನಿಂತ ಅಮ್ಮನಿಗೆ ತನ್ನ ಕಣ್ಣಲ್ಲೇ ನೀರು.

‘ಅಕ್ಕಾ, ಇದು ಹಿಂದಕ್ಕೆ ಹೋಗಿ ಸಿಕ್ಕಿಕೊಂಡುಬಿಟ್ರೆ?’

‘ಹಿಂದಕ್ಕೆ ದಾರೀನೇ ಇಲ್ಲ ಕಣಮ್ಮ. ರೆಪ್ಪೆ ಒಳಗಿನ ಪೊರೆ ಹಾಗೇ ಮಡಚಿಕೊಂಡು ಗುಡ್ಡೆ ಮೇಲೆ ಬರುತ್ತೆ, ಚೀಲದ ತಳ ಇದ್ದ ಹಾಗೆ. ತೀರಾ ಅಂದ್ರೆ ಮೇಲಿನ ರೆಪ್ಪೆ ಕೆಳಗೆ ಮಡಚಿಕೊಂಡು ಕೂರುತ್ತೆ, ಕೆಳಗೆ ನೋಡಿದ್ರೆ ಸಿಗುತ್ತೆ.’

ಆ ಅಂಗಡಿಯ ಅಕ್ಕ ಕಲಿಸುವುದನ್ನು ಗಮನಿಸಿ ನೋಡಿದರೆ ಅವರು ಲೆನ್ಸಿನ ಬಗ್ಗೆ ಮಾತಾಡುವುದೇ ಕಡಿಮೆ. ಗಮನವೆಲ್ಲ ರೆಪ್ಪೆಯ ಮೇಲೆ. ಎಡಗೈಯನ್ನು ತಲೆಯ ಮೇಲಿಂದ ತಂದು ಮೇಲಿನ ರೆಪ್ಪೆಯನ್ನು ರೆಪ್ಪೆಗೂದಲಿನ ಬುಡದಲ್ಲೇ ಒತ್ತಿ ಹಿಡಿಯಬೇಕು. ಹೊಸಬರೆಲ್ಲ ಹುಬ್ಬಿನ ಕೆಳಗೆ ಎಳೆಯುತ್ತಾರೆ, ಆಗ ಕಣ್ಣು ಮುಚ್ಚುವಷ್ಟು ಸಡಿಲ ಉಳಿದೇ ಇರುತ್ತದೆ. ಬಲಗೈಯ ನಡುಬೆರಳಿನಿಂದ ಕೆಳರೆಪ್ಪೆ ಜಗ್ಗಿ, ತೋರುಬೆರಳಿನ ಲೆನ್ಸನ್ನು ಬಿಳಿಗುಡ್ಡೆಯ ಕೆಳಭಾಗಕ್ಕೆ ತಾಗಿಸಿ, ಮೇಲಕ್ಕೆ ನೋಡಿ ನಿಧಾನ ಕೆಳಕ್ಕೆ ನೋಡಿದರೆ ಅದೇ ಹೋಗಿ ಕೂರುತ್ತದೆ. ತೋರುಬೆರಳು ಒಣಗಿರಬೇಕು. ಲೆನ್ಸು ಯಾವಾಗಲೂ ಹೆಚ್ಚು ಒದ್ದೆಯಿರುವ ಕಡೆಗೇ ಅಂಟುವುದು. ಬೆರಳೇ ಕಣ್ಣಿಗಿಂತ ಒದ್ದೆಯಾಗಿದ್ದರೆ ಎಷ್ಟು ಒತ್ತಿದರೂ ಬೆರಳಿನ ಜೊತೆಗೇ ವಾಪಸ್ ಬರುತ್ತದೆ. ಅರ್ಧಕ್ಕರ್ಧ ಜನ ಸೋಲುವುದು ಇದರಿಂದಲೇ, ಧೈರ್ಯ ಸಾಲದೆ ಅಲ್ಲ.

ಹಾಕುವ ಮುಂಚೆ ತಿರುವುಮುರುವು ನೋಡಬೇಕು. ತುದಿಬೆರಳ ಮೇಲಿಟ್ಟು ಕಣ್ಣಿನ ಮಟ್ಟಕ್ಕೆ ಹಿಡಿದಾಗ ಅಂಚು ನೆಟ್ಟಗೆ ಮೇಲೆದ್ದಿದ್ದರೆ ಬಟ್ಟಲು, ಸರಿ. ಅಂಚು ಹೊರಕ್ಕೆ ಚಾಚಿದ್ದರೆ ಊಟದ ತಟ್ಟೆ, ತಪ್ಪು. ಉಲ್ಟಾ ಹಾಕಿದರೆ ಕಣ್ಣಿಗೆ ಹಾನಿಯೇನಿಲ್ಲ, ಕಸ ಬಿದ್ದಂತೆ ಚುಚ್ಚುತ್ತದೆ, ಜಾರುತ್ತದೆ. ಯಾವಾಗಲೂ ಬಲಗಣ್ಣು ಮೊದಲು. ಈ ಒಂದು ಅಭ್ಯಾಸ ಇಟ್ಟುಕೊಂಡರೆ ಎಡಬಲ ಅದಲುಬದಲಾಗುವುದಿಲ್ಲ. ಕಾಡಿಗೆ, ಮೇಕಪ್ಪು ಲೆನ್ಸ್ ಹಾಕಿದ ಮೇಲೆ. ರಾತ್ರಿ ಲೆನ್ಸ್ ತೆಗೆದ ಮೇಲೆ ಮುಖ ತೊಳೆಯುವುದು. ತೆಗೆಯುವಾಗ ಕರಿಗುಡ್ಡೆಯ ಮೇಲೆ ಚಿವುಟಬಾರದು, ಮೇಲೆ ನೋಡುತ್ತಾ ಲೆನ್ಸನ್ನು ಕೆಳಗಿನ ಬಿಳಿಗೆ ಜಾರಿಸಿಕೊಂಡು ಅಲ್ಲಿ ಎರಡು ಬೆರಳಿನ ಮಾಂಸಲ ಭಾಗದಿಂದ ಎತ್ತಬೇಕು.

ಅಂದಹಾಗೆ, ಈ ಮೆತ್ತನೆ ಲೆನ್ಸು ಹುಟ್ಟಿದ್ದು ಒಂದು ಮನೆಯ ಮೇಜಿನ ಮೇಲೆ. 1961ರ ಕ್ರಿಸ್‌ಮಸ್ ಹೊತ್ತಿಗೆ ಪ್ರಾಗ್‌ನಲ್ಲಿ ರಸಾಯನ ವಿಜ್ಞಾನಿ ಒಟ್ಟೊ ವಿಖ್ಟರ್ಲೆ ಮಕ್ಕಳ ಮೆರ್ಕುರ್ ಆಟಿಕೆಯ ತುಂಡುಗಳು, ಸೈಕಲ್ ಡೈನಮೋ ಜೋಡಿಸಿ ಯಂತ್ರ ಕಟ್ಟಿ, ಗರಗರ ತಿರುಗುವ ಅಚ್ಚಿನಲ್ಲಿ ಲೆನ್ಸ್ ಎರಕ ಹೊಯ್ದರು. ಇವತ್ತಿನ ಸಿಲಿಕೋನ್ ಹೈಡ್ರೋಜೆಲ್ ಎಂಬ ವಸ್ತುವಿನ ಲೆನ್ಸು ಬಂದದ್ದು ಅದಾಗಿ ಸುಮಾರು ನಾಲ್ಕು ದಶಕಕ್ಕೆ. ಕಾರ್ನಿಯಾಕ್ಕೆ ರಕ್ತನಾಳವಿಲ್ಲ, ಅದು ಉಸಿರಾಡುವುದು ನೇರವಾಗಿ ಗಾಳಿಯಿಂದ. ಹಳೇ ಲೆನ್ಸುಗಳು ಆಮ್ಲಜನಕವನ್ನು ನೀರಿನ ಅಂಶದ ಮೂಲಕವಷ್ಟೇ ಬಿಡುತ್ತಿದ್ದವು, ಸಿಲಿಕೋನ್ ತಾನೇ ದಾರಿ ಬಿಡುತ್ತದೆ.

ಸಂಪಿನ ನೀರು

ಲೆನ್ಸಿನ ಶತ್ರು ಧೂಳು ಅಂದುಕೊಂಡಿರುತ್ತಾರೆ. ಧೂಳು ಚುಚ್ಚುತ್ತದೆ, ತೆಗೆದು ಹಾಕಿಕೊಂಡರಾಯಿತು. ನಿಜವಾದ ಶತ್ರು ನಲ್ಲಿ ನೀರು. ಅಕಾಂಥಮೀಬಾ ಎಂಬ ಏಕಕೋಶಿ ಮಣ್ಣಿನಲ್ಲಿ, ಕೊಳದಲ್ಲಿ, ಮನೆಯ ನೀರಿನ ತೊಟ್ಟಿಯ ತಳದ ಗಸಿಯಲ್ಲಿ ಆರಾಮಾಗಿ ಬದುಕುತ್ತದೆ. ಟ್ಯಾಂಕರ್ ನೀರು ಸಂಪಿಗೆ, ಸಂಪಿನಿಂದ ತಾರಸಿಯ ಟ್ಯಾಂಕಿಗೆ, ಅಲ್ಲಿಂದ ಬಚ್ಚಲಿಗೆ ಬರುವ ನಮ್ಮ ಊರುಗಳಲ್ಲಿ ಅದಕ್ಕೆ ಬೇಕಾದ ಅನುಕೂಲವೆಲ್ಲ ಇದೆ. ಕುಡಿದರೆ ಏನೂ ಆಗುವುದಿಲ್ಲ. ಲೆನ್ಸಿಗೆ ಅಂಟಿ ಕಾರ್ನಿಯಾ ಸೇರಿದರೆ ತಿಂಗಳುಗಟ್ಟಲೆ ಚಿಕಿತ್ಸೆ. ಕೋಶದ ಸುತ್ತ ಗೋಡೆ ಕಟ್ಟಿಕೊಂಡು ಔಷಧಿಗೆ ಬಗ್ಗದೆ ಕೂರುವುದು ಅದರ ಗುಣ. ಹಾಗಾಗಿ ಲೆನ್ಸ್ ಹಾಕಿಕೊಂಡು ತಲೆಸ್ನಾನ ಬೇಡ, ಈಜು ಬೇಡ, ಲೆನ್ಸಿನ ಡಬ್ಬಿಯನ್ನು ನಲ್ಲಿಗೆ ಹಿಡಿಯುವುದು ಬೇಡವೇ ಬೇಡ. ಫಿಲ್ಟರ್ ನೀರೂ ನೀರೇ.

ಲೆನ್ಸ್ ಮುಳುಗಿಸಿಡುವ ಸಲ್ಯೂಷನ್ ವಿಷಯದಲ್ಲಿ ನಮ್ಮ ಜಿಪುಣತನ ವಿಚಿತ್ರ. ಸಾವಿರಗಟ್ಟಲೆ ಕೊಟ್ಟು ಲೆನ್ಸ್ ತಂದು, ನಿನ್ನೆಯ ಸಲ್ಯೂಷನ್ನಿನ ಮೇಲೆ ನಾಲ್ಕು ಹನಿ ಸುರಿದು ಮುಚ್ಚುತ್ತೇವೆ. ನಿನ್ನೆಯದರ ಶಕ್ತಿ ನಿನ್ನೆಯೇ ಮುಗಿದಿದೆ. ಪ್ರತಿದಿನ ಪೂರ್ತಿ ಚೆಲ್ಲಿ, ಡಬ್ಬಿಯನ್ನು ಹೊಸ ಸಲ್ಯೂಷನ್ನಿನಲ್ಲೇ ತೊಳೆದು, ಸ್ವಚ್ಛ ಟಿಶ್ಯೂ ಮೇಲೆ ಬೋರಲು ಹಾಕಿ ಒಣಗಿಸಬೇಕು. ಮೂರು ತಿಂಗಳಿಗೆ ಡಬ್ಬಿಯನ್ನೇ ಎಸೆಯಬೇಕು. ‘ನೋ ರಬ್’ ಎಂದು ಬರೆದಿದ್ದರೂ ಅಂಗೈಯಲ್ಲಿಟ್ಟು ಒಂದೊಂದು ಬದಿ ಹತ್ತು ಸೆಕೆಂಡಾದರೂ ಉಜ್ಜಿ. ಅಂಟು ಬಿಡುವುದು ಉಜ್ಜಿದಾಗಲೇ. ಸಲೈನ್ ಬರೀ ಉಪ್ಪುನೀರು, ಅದು ತೊಳೆಯುತ್ತದೆ, ಕ್ರಿಮಿ ಕೊಲ್ಲುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಸಲ್ಯೂಷನ್ ಕೊಲ್ಲುತ್ತದೆ, ಆದರೆ ಅದರ ಜೊತೆ ಬರುವ ಪ್ಲಾಟಿನಂ ಬಿಲ್ಲೆಯಿರುವ ಡಬ್ಬಿಯಲ್ಲೇ ಆರು ಗಂಟೆ ಕಳೆಯಬೇಕು. ಸಾಮಾನ್ಯ ಡಬ್ಬಿಗೆ ಹಾಕಿಟ್ಟು ಬೆಳಿಗ್ಗೆ ಕಣ್ಣಿಗಿಟ್ಟವರು ಆ ಉರಿ ಜನ್ಮದಲ್ಲಿ ಮರೆಯುವುದಿಲ್ಲ. ಮೆಣಸಿನಕಾಯಿ ಹೆಚ್ಚಿದ ಕೈಯೂ ಅಷ್ಟೇ. ಖಾರ ಎಣ್ಣೆಯಲ್ಲಿ ಕರಗುತ್ತದೆ, ಸೋಪು ಒಂದು ಸಲಕ್ಕೆ ಬಿಡಿಸುವುದಿಲ್ಲ. ಅಡುಗೆಗೆ ಮುಂಚೆಯೇ ಲೆನ್ಸ್ ತೆಗೆದಿಡುವುದು ಜಾಣತನ.

ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೋ ಮಂಗಳೂರಿಗೋ ಹೊರಟವರು ಲೆನ್ಸ್ ಹಾಕಿಕೊಂಡೇ ನಿದ್ದೆ ಹೋಗುವುದು ತೀರಾ ಸಾಮಾನ್ಯ. ಮುಚ್ಚಿದ ರೆಪ್ಪೆಯಡಿ ಆಮ್ಲಜನಕ ಮೊದಲೇ ಕಡಿಮೆ, ಕಣ್ಣೀರೂ ನಿಂತ ನೀರು. ಸೋಂಕಿನ ಅಪಾಯ ಹಲವು ಪಟ್ಟು ಏರುವುದು ಇಲ್ಲೇ. ಹತ್ತುವ ಮುಂಚೆ ಮನೆಯಲ್ಲೇ ತೆಗೆದು ಕನ್ನಡಕ ಹಾಕಿಕೊಂಡು ಹೊರಡಿ. ಲೆನ್ಸ್ ಬಳಸುವವರ ಮನೆಯಲ್ಲಿ ಸರಿಯಾದ ನಂಬರಿನ ಕನ್ನಡಕ ಇರಲೇಬೇಕು, ಆರು ವರ್ಷದ ಹಿಂದಿನ ಒಂದು ಕಡ್ಡಿ ಮುರಿದದ್ದಲ್ಲ.

ಕಣ್ಣು ಕೆಂಪಾಗಿ, ನೋವಿದ್ದು, ಬೆಳಕು ನೋಡಲಾಗದಿದ್ದರೆ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು; ಲೆನ್ಸು, ಡಬ್ಬಿ ಎರಡನ್ನೂ ಜೊತೆಗೆ ಒಯ್ಯಿರಿ, ಯಾವ ಕ್ರಿಮಿ ಎಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಬೇಕಾಗುತ್ತವೆ. ಮೆಡಿಕಲ್ ಶಾಪಿನಲ್ಲಿ ‘ಕಣ್ಣು ಕೆಂಪಾಗಿದೆ’ ಎಂದು ಕೇಳಿ ಸ್ಟೀರಾಯ್ಡ್ ಇರುವ ಡ್ರಾಪ್ಸ್ ತಂದುಕೊಂಡರೆ ಎರಡು ದಿನ ಕೆಂಪು ಇಳಿಯುತ್ತದೆ, ಒಳಗೆ ಫಂಗಸ್ಸೋ ಅಮೀಬಾವೋ ನೆಮ್ಮದಿಯಾಗಿ ಬೆಳೆಯುತ್ತದೆ.

540ರ ಲೆಕ್ಕ

ಲೇಸರ್ ಜಾಹೀರಾತಿನಲ್ಲಿ ಯಂತ್ರದ ಹೆಸರು ದಪ್ಪಕ್ಷರದಲ್ಲಿರುತ್ತದೆ. ಕೇಳಬೇಕಾದದ್ದು ನಿಮ್ಮ ಕಾರ್ನಿಯಾದ ದಪ್ಪ. ನಡುವಿನಲ್ಲಿ ಸರಾಸರಿ 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್ ಚಿಲ್ಲರೆ. ಲ್ಯಾಸಿಕ್ ಎಂಬ ಲೇಸರ್ ಆಪರೇಷನ್ನಿನಲ್ಲಿ ಮೊದಲು 110 ಮೈಕ್ರಾನಿನಷ್ಟು ದಪ್ಪದ ಮುಚ್ಚಳ ಎಬ್ಬಿಸುತ್ತಾರೆ, ಅದರ ಕೆಳಗೆ ಲೇಸರ್ ಸವೆಸುತ್ತದೆ. ಎಷ್ಟು ಸವೆಯಬೇಕು ಎನ್ನುವುದಕ್ಕೆ ಮನ್ನರ್ಲಿನ್ ಸೂತ್ರ ಎಂಬ ಲೆಕ್ಕವೊಂದಿದೆ: ಸರಿಪಡಿಸುವ ವೃತ್ತದ ವ್ಯಾಸದ ವರ್ಗವನ್ನು ಮೂರರಿಂದ ಭಾಗಿಸಿ, ನಂಬರಿನಿಂದ ಗುಣಿಸುವುದು. ವೃತ್ತ 6.5 ಮಿಲಿಮೀಟರ್ ಆದರೆ ಒಂದು ನಂಬರಿಗೆ 14 ಮೈಕ್ರಾನ್. ಮೈನಸ್ 5ಕ್ಕೆ 70, ಸುಮಾರು ಒಂದು ಕೂದಲೆಳೆಯ ದಪ್ಪ.

ಎರಡು ಕಣ್ಣು ಇಟ್ಟುಕೊಂಡು ನೋಡೋಣ. ಒಂದು 520 ಮೈಕ್ರಾನ್, ಮೈನಸ್ 6. ಮುಚ್ಚಳಕ್ಕೆ 110, ಸವೆತಕ್ಕೆ 85 ಕಳೆದರೆ 325 ಉಳಿಯುತ್ತದೆ. ಇನ್ನೊಂದು 490, ಮೈನಸ್ 9. ಮುಚ್ಚಳ 110, ಸವೆತ 127, ಉಳಿದದ್ದು 253. ಕನಿಷ್ಠ 250 ಉಳಿಯಬೇಕು ಎಂಬ ಹಳೇ ನಿಯಮದ ಪ್ರಕಾರ ಈ ಕಣ್ಣೂ ಕೂದಲೆಳೆಯಲ್ಲಿ ಪಾರು. ಆದರೆ 490ರಲ್ಲಿ 237, ಸುಮಾರು ಶೇ 48, ಕೆದಕಿದಂತಾಯಿತು. ಶೇ 40 ದಾಟಿದರೆ ಎಚ್ಚರ ಎನ್ನುವುದು ಈಗಿನ ಲೆಕ್ಕ, ಉಳಿಯುವುದು 300ಕ್ಕೆ ಕಡಿಮೆಯಾದರೆ ಹಲವು ಡಾಕ್ಟರುಗಳು ಒಪ್ಪುವುದೂ ಇಲ್ಲ. ತೆಳುವಾದ ಕಾರ್ನಿಯಾ ಕಣ್ಣೊಳಗಿನ ಒತ್ತಡಕ್ಕೆ ಬರಬರುತ್ತಾ ಮುಂದಕ್ಕೆ ಉಬ್ಬುತ್ತದೆ. ಈ ಎರಡನೇ ಕಣ್ಣಿಗೆ ಲೇಸರ್ ಬದಲು ಐಸಿಎಲ್ ಎಂಬ ಮಡಚುವ ಲೆನ್ಸನ್ನು ಪಾಪೆಯ ಹಿಂದೆ ಇಡಿಸುವುದು ಮೇಲು, ಕಾರ್ನಿಯಾದ ಹಿಂದಿನ ಜಾಗ 2.8 ಮಿಲಿಮೀಟರಿಗಿಂತ ಆಳವಿದ್ದರೆ. ‘ನಿಮಗೆ ಆಗುವುದಿಲ್ಲ’ ಎಂದು ವಾಪಸ್ ಕಳಿಸುವ ಡಾಕ್ಟರು ಒಳ್ಳೆಯ ಡಾಕ್ಟರು.

ದಪ್ಪ ಸರಿಯಿದ್ದರೂ ಆಕಾರ ನೋಡಬೇಕು. ಕಣ್ಣು ಉಜ್ಜುವ ಅಭ್ಯಾಸದವರಲ್ಲಿ, ಅದರಲ್ಲೂ ಚಿಕ್ಕಂದಿನಿಂದ ಅಲರ್ಜಿ ಇರುವವರಲ್ಲಿ, ಕೆರಟೋಕೋನಸ್ ಮೊಳಕೆಯಲ್ಲಿರಬಹುದು: ಕಾರ್ನಿಯಾ ಕೆಳಭಾಗದಲ್ಲಿ ಶಂಕುವಿನಂತೆ ಮೊನಚಾಗುತ್ತಾ ಬರುವ ಕಾಯಿಲೆ. ಕಾರ್ನಿಯಾದ ಉಬ್ಬುತಗ್ಗು ತೋರಿಸುವ ಟೋಪೋಗ್ರಫಿ ನಕ್ಷೆಯಲ್ಲಿ ಕೆಳಗಡೆ ಕೆಂಪು ಮಚ್ಚೆ ಕಾಣುತ್ತದೆ. ಅಂಥ ಕಣ್ಣಿಗೆ ಲ್ಯಾಸಿಕ್ ಮಾಡುವುದು ಬಿರುಕು ಬಿಟ್ಟ ಗೋಡೆಯ ಇಟ್ಟಿಗೆ ತೆಗೆದಂತೆ. ಈ ನಕ್ಷೆ ಸರಿಯಾಗಿ ಬರಬೇಕಾದರೆ ಪರೀಕ್ಷೆಗೆ ಮುಂಚೆ ಮೆತ್ತನೆ ಲೆನ್ಸನ್ನು ಒಂದೆರಡು ವಾರ, ಗಟ್ಟಿ ಲೆನ್ಸನ್ನು ಮೂರು ನಾಲ್ಕು ವಾರ ಬಿಟ್ಟಿರಬೇಕು, ಯಾಕೆಂದರೆ ಲೆನ್ಸು ಕಾರ್ನಿಯಾವನ್ನು ಅಷ್ಟಿಷ್ಟು ಅಮುಕಿ ಆಕಾರ ಕೆಡಿಸಿರುತ್ತದೆ. ಶುಕ್ರವಾರ ಪರೀಕ್ಷೆ, ಶನಿವಾರ ಆಪರೇಷನ್, ಸೋಮವಾರ ಆಫೀಸು ಎಂಬ ಪ್ಯಾಕೇಜಿನವರು ಈ ಮಾತು ಎತ್ತುತ್ತಾರೋ ಇಲ್ಲವೋ ನೋಡಿ. ವಯಸ್ಸು 18 ದಾಟಿರಬೇಕು, ನಂಬರ್ ಒಂದು ವರ್ಷದಿಂದ ಅರ್ಧಕ್ಕಿಂತ ಹೆಚ್ಚು ಬದಲಾಗಿರಬಾರದು. ಬಸುರಿ, ಬಾಣಂತಿ, ಹಾಲೂಡಿಸುವವರು ಕಾಯಬೇಕು.

ಆ ಕೋಣೆಯೊಳಗೆ

ಆಪರೇಷನ್ ಕೋಣೆ ತಣ್ಣಗೆ ಕೊರೆಯುತ್ತಿರುತ್ತದೆ. ಲೇಸರ್ ಯಂತ್ರಕ್ಕೆ ಉಷ್ಣತೆ, ತೇವ ಎರಡೂ ಅಳತೆಯಲ್ಲಿರಬೇಕು. ಸೆಂಟು ಹಾಕಿಕೊಂಡು ಬರಬೇಡಿ ಎನ್ನುವುದೂ ಆ ಯಂತ್ರದ ಸಲುವಾಗಿಯೇ. ಅರಿವಳಿಕೆಯ ಹನಿ ಮೂರು ನಾಲ್ಕು ಸಲ, ಚುಚ್ಚುಮದ್ದು ಇಲ್ಲ. ರೆಪ್ಪೆ ಮುಚ್ಚದ ಹಾಗೆ ತಂತಿಯ ಕ್ಲಿಪ್ಪು. ಮೊದಲ ಲೇಸರ್ ಫೆಮ್ಟೋಸೆಕೆಂಡ್: ಕಣ್ಣಿನ ಮೇಲೆ ಉಂಗುರ ಕೂರಿಸಿ ಗಾಳಿ ಹೀರಿದಾಗ ಬಲವಾಗಿ ಒತ್ತಿದಂತಾಗುತ್ತದೆ, ಕೆಲವು ಯಂತ್ರಗಳಲ್ಲಿ ಆ ಹೊತ್ತು ಆ ಕಣ್ಣಿಗೆ ಪೂರ್ತಿ ಕತ್ತಲು. ಕರೆಂಟು ಹೋದಂತೆ. ಇದನ್ನು ಮುಂಚೆಯೇ ಹೇಳದಿದ್ದರೆ ಜನ ಬೆಚ್ಚಿ ತಲೆ ಅಲ್ಲಾಡಿಸುತ್ತಾರೆ, ಹಿಡಿತ ತಪ್ಪುತ್ತದೆ, ಮೊದಲಿಂದ ಶುರು. ಅರ್ಧ ನಿಮಿಷದೊಳಗೆ ಲಕ್ಷಗಟ್ಟಲೆ ಸಣ್ಣ ಗುಳ್ಳೆಗಳು ಪದರವನ್ನು ಬೇರ್ಪಡಿಸಿರುತ್ತವೆ. ಮುಚ್ಚಳವನ್ನು ಪುಸ್ತಕದ ಹಾಳೆಯಂತೆ ಮಗುಚಿದಾಗ ಎದುರಿನ ಹಸಿರು ದೀಪ ಕಲಸಿಹೋಗುತ್ತದೆ.

ಆಮೇಲೆ ಎಕ್ಸೈಮರ್, 193 ನ್ಯಾನೋಮೀಟರಿನ ಅತಿನೇರಳೆ. ಟಕಟಕ ಸದ್ದು, ಸುಟ್ಟ ಕೂದಲಿನ ವಾಸನೆ. ಕಣ್ಣು ಸುಡುತ್ತಿದೆ ಎಂದು ಎಲ್ಲರಿಗೂ ಅನಿಸುವುದು ಸಹಜ, ಆದರೆ ಇಲ್ಲಿ ಸುಡುವುದು ನಡೆಯುವುದಿಲ್ಲ. ಒಂದೊಂದು ಹೊಡೆತಕ್ಕೆ ಕಾಲು ಮೈಕ್ರಾನಿನಷ್ಟು ಅಂಗಾಂಶದ ಅಣುಬಂಧ ಕಡಿದು ಆವಿಯಾಗುತ್ತದೆ, ಪಕ್ಕದ್ದಕ್ಕೆ ಬಿಸಿ ತಾಗುವುದಿಲ್ಲ. ಇದನ್ನು ಕಂಡುಕೊಂಡವರಲ್ಲಿ ಮುಖ್ಯರು ಮದ್ರಾಸಿನಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್. 1981ರ ನವೆಂಬರ್ 27ರಂದು, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಮನೆಯಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ನ್ಯೂಯಾರ್ಕ್ ರಾಜ್ಯದ ಐಬಿಎಂ ಪ್ರಯೋಗಾಲಯಕ್ಕೆ ಒಯ್ದು ಲೇಸರ್ ಹಿಡಿದರು. ಅಂಚು ಕರಕಲಾಗದೆ ನೀಟಾಗಿ ಕೊರೆದಿತ್ತು. ಎರಡು ವರ್ಷದಲ್ಲಿ ನೇತ್ರತಜ್ಞ ಸ್ಟೀವನ್ ಟ್ರೋಕೆಲ್ ಜೊತೆ ಸೇರಿ ದನದ ಕಣ್ಣಿನ ಮೇಲೆ ಅದನ್ನೇ ತೋರಿಸಿದರು.

ಮುಚ್ಚಳ ಹಾಕಿ, ತೊಳೆದು, ಅಂಚು ಒಣಗಲು ಬಿಡುತ್ತಾರೆ. ಹೊಲಿಗೆಯಿಲ್ಲ. ಅಂಚು ಬೇಗ ಕೂಡುತ್ತದೆ, ಒಳಪದರ ಮಾತ್ರ ಮೊದಲಿನಷ್ಟು ಗಟ್ಟಿಯಾಗಿ ಎಂದೂ ಬೆಸೆಯುವುದಿಲ್ಲ. ಎಷ್ಟೋ ವರ್ಷದ ಮೇಲೂ ಬೆರಳು, ಚೆಂಡು ತಗುಲಿ ಮುಚ್ಚಳ ಜಾರಿದ ಉದಾಹರಣೆಗಳಿವೆ. ಕಬಡ್ಡಿ, ಕುಸ್ತಿ, ಬಾಕ್ಸಿಂಗ್‌ನವರಿಗೆ ಮುಚ್ಚಳವೇ ಇಲ್ಲದ ಪಿಆರ್‌ಕೆ ಹೇಳುವುದು ಅದಕ್ಕೇ. ಅದರಲ್ಲಿ ಮೇಲಿನ 50 ಮೈಕ್ರಾನಿನ ಚರ್ಮ ಕೆರೆದು ನೇರ ಮೇಲ್ಮೈ ಸವೆಸುತ್ತಾರೆ. ಮೂರು ನಾಲ್ಕು ದಿನ ಒಳ್ಳೆಯ ನೋವು, ಪೂರ್ತಿ ತಿಳಿಯಾಗಲು ವಾರಗಳು. ಸ್ಮೈಲ್ ಎಂಬ ಇನ್ನೊಂದು ವಿಧಾನದಲ್ಲಿ ಮುಚ್ಚಳದ ಬದಲು ಒಳಗೇ ಬಿಲ್ಲೆ ಕೊರೆದು 2ರಿಂದ 4 ಮಿಲಿಮೀಟರ್ ಸೀಳಿನಿಂದ ಎಳೆದು ತೆಗೆಯುತ್ತಾರೆ. ನರಗಳು ಕಡಿಮೆ ಕತ್ತರಿಸುವುದರಿಂದ ಕಣ್ಣು ಒಣಗುವುದೂ ಕಡಿಮೆ. ನಂಬರ್ ಸ್ವಲ್ಪ ಉಳಿದರೆ ಅದರಲ್ಲಿ ಎರಡನೇ ಸಲ ಕೈಹಾಕುವುದು ಲ್ಯಾಸಿಕ್‌ನಷ್ಟು ಸುಲಭವಲ್ಲ, ಸಾಮಾನ್ಯವಾಗಿ ಪಿಆರ್‌ಕೆಗೇ ಬರಬೇಕು.

ಮನೆಗೆ ಬಂದ ಮೇಲೆ ಮೊದಲ ನಾಲ್ಕೈದು ಗಂಟೆ ಉರಿ, ನೀರು. ಮಲಗಿಬಿಡುವುದೇ ಮದ್ದು. ವಾರದ ಮಟ್ಟಿಗೆ ರಾತ್ರಿ ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ, ಕತ್ತಿನಿಂದ ಕೆಳಗೆ ಸ್ನಾನ. ಎಣ್ಣೆಸ್ನಾನ, ಸೀಗೆಪುಡಿ ಎಲ್ಲ ಮುಂದಕ್ಕೆ. ಒಣಗುವಿಕೆ ಮೂರರಿಂದ ಆರು ತಿಂಗಳು ಇರುತ್ತದೆ, ಕೆಲವರಿಗೆ ಇನ್ನೂ ಹೆಚ್ಚು. ಕತ್ತರಿಸಿದ ನರ ಬೆಳೆಯುವ ತನಕ ‘ಒಣಗಿದೆ, ಮಿಟುಕಿಸು’ ಎಂಬ ಸುದ್ದಿಯೇ ಮಿದುಳಿಗೆ ಸರಿಯಾಗಿ ಹೋಗುವುದಿಲ್ಲ. ರಾತ್ರಿ ದೀಪಗಳ ಸುತ್ತ ಬಳೆ ಕಾಣುವುದು ಪಾಪೆ ಅಗಲವಾಗಿ ಸವೆಸಿದ ವೃತ್ತದ ಅಂಚು ದಾಟಿದಾಗ. ರಾತ್ರಿ ಗಾಡಿ ಓಡಿಸುವ ಕೆಲಸದವರು ಇದನ್ನು ಮುಂಚೆಯೇ ವಿಚಾರಿಸಬೇಕು.

ಚಾಳೀಸು

ನಮ್ಮ ಅಜ್ಜಂದಿರು ಕನ್ನಡಕಕ್ಕೆ ಚಾಳೀಸು ಎನ್ನುತ್ತಿದ್ದರು. ನಲವತ್ತಕ್ಕೆ ಬರುವುದು, ಹಾಗಾಗಿ ಆ ಹೆಸರು. ಲೇಸರ್ ಕೌಂಟರಿನಲ್ಲಿ 25ರ ಹುಡುಗರಿಗೆ ಯಾರೂ ಈ ಪದ ಹೇಳುವುದಿಲ್ಲ. ಮೈನಸ್ 3 ಇದ್ದವರು 45ರಲ್ಲಿ ಕನ್ನಡಕ ತೆಗೆದರೆ 33 ಸೆಂಟಿಮೀಟರಿನಲ್ಲಿ ಪೇಪರ್ ಓದಬಲ್ಲರು, ಸೂಜಿಗೆ ದಾರ ಪೋಣಿಸಬಲ್ಲರು. ಲೇಸರ್ ಆದವರು ಅದೇ ವಯಸ್ಸಿಗೆ ಲಗ್ನಪತ್ರಿಕೆಯನ್ನು ತೋಳುದ್ದ ಹಿಡಿಯುತ್ತಾರೆ. ಅದೂ ತುಸು ಬೇಗನೆ: ಮೈನಸ್ ಕನ್ನಡಕದೊಳಗಿಂದ ಹತ್ತಿರದ್ದನ್ನು ನೋಡಲು ಕಣ್ಣು ಪಡುವ ಶ್ರಮ ಕಡಿಮೆ, ಲೆನ್ಸಿಗೋ ಲೇಸರಿಗೋ ಬದಲಾದ ದಿನವೇ ಆ ರಿಯಾಯಿತಿ ರದ್ದು. ನಲವತ್ತರ ಹತ್ತಿರ ಬಂದು ಲೇಸರ್ ಮಾಡಿಸುವವರು ಒಂದು ಕಣ್ಣಿಗೆ ಮೈನಸ್ 1.25ರಷ್ಟು ಉಳಿಸಿಕೊಳ್ಳುವ ಏರ್ಪಾಡಿನ ಬಗ್ಗೆ ಕೇಳಬಹುದು; ಮೊದಲು ಲೆನ್ಸಿನಲ್ಲಿ ಎರಡು ವಾರ ಹಾಗೆ ಬದುಕಿ ನೋಡಿಕೊಂಡು.

ನೌಕರಿಗಾಗಿ ಮಾಡಿಸುವವರು ಅಧಿಸೂಚನೆಯನ್ನು ಕೊನೆಯ ಪುಟದವರೆಗೆ ಓದಬೇಕು. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಲ್ಯಾಸಿಕ್ ಆದವರು ಅರ್ಹರೇ ಅಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಕನ್ನಡಕ ಕಳಚಲೆಂದು ಮಾಡಿಸಿದ್ದೇ ಕೆಲಸಕ್ಕೆ ಅಡ್ಡಿ.

ಇನ್ನೊಂದು ಪ್ರಶ್ನೆ 2021ರ ನಂತರ ಕರ್ನಾಟಕದಲ್ಲಿ ಸಹಜವಾಗಿ ಬರುತ್ತದೆ: ಲೇಸರ್ ಆದ ಕಣ್ಣು ದಾನಕ್ಕೆ ಬರುತ್ತದೆಯೇ? ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣು ನಾಲ್ವರಿಗೆ ಆದದ್ದು ಕಾರ್ನಿಯಾದ ಮುಂಪದರ, ಹಿಂಪದರಗಳನ್ನು ಬೇರೆ ಮಾಡಿ ಕೂರಿಸಿದ್ದರಿಂದ. ಲೇಸರ್ ಮುಟ್ಟುವುದು ಮುಂಭಾಗವನ್ನು. ಹಿಂಪದರ ಚೆನ್ನಾಗಿದ್ದರೆ ಒಬ್ಬರಿಗೆ ಅದು ಸಲ್ಲುತ್ತದೆ.

ಉದ್ದದ ಗುಡ್ಡೆ ಮಾತ್ರ ಉದ್ದಕ್ಕೇ ಇದೆ. ಒಳಗಿನ ರೆಟಿನಾ ಎಳೆದು ಕಟ್ಟಿದ ಬಟ್ಟೆಯಂತೆ ಅಂಚಿನಲ್ಲಿ ತೆಳುವಾಗಿರುತ್ತದೆ, ಕನ್ನಡಕ ಇದ್ದಾಗಲೂ, ಹೋದಾಗಲೂ. ಕನ್ನಡಕದವರು ವರ್ಷಕ್ಕೊಮ್ಮೆ ಹೇಗೂ ತಪಾಸಣೆಗೆ ಹೋಗುತ್ತಾರೆ, ಲೇಸರ್ ಆದವರು ಕಣ್ಣಾಸ್ಪತ್ರೆಯ ದಾರಿಯನ್ನೇ ಮರೆಯುತ್ತಾರೆ. ಮೂಲೆಯಲ್ಲಿ ಮಿಂಚು, ಒಮ್ಮೆಲೇ ಕರಿ ಚುಕ್ಕೆಗಳ ಮಳೆ, ಪರದೆ ಇಳಿದಂಥ ನೆರಳು ಕಂಡರೆ ನಾಳೆಗೆ ಬಿಡುವಂತಿಲ್ಲ. ಕಣ್ಣೊಳಗಿನ ಒತ್ತಡ ಅಳೆಯುವ ಗ್ಲೂಕೋಮಾ ತಪಾಸಣೆಯಲ್ಲೂ ತೆಳುವಾದ ಕಾರ್ನಿಯಾ ಒತ್ತಡವನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಡಾಕ್ಟರಿಗೆ ಹೇಳದಿದ್ದರೆ ಅವರಿಗೂ ಗೊತ್ತಾಗುವುದಿಲ್ಲ.

ಲೇಸರ್ ಆಗಿ ಮೂವತ್ತು ವರ್ಷದ ಮೇಲೆ ಕಣ್ಣಿಗೆ ಪೊರೆ ಬಂದಾಗ ಒಳಗಿಡುವ ಲೆನ್ಸಿನ ಪವರ್ ಲೆಕ್ಕ ಹಾಕುವುದು ಕಾರ್ನಿಯಾದ ಬಾಗಿನಿಂದ. ಲೇಸರ್ ಆ ಬಾಗನ್ನು ಬದಲಿಸಿದೆ. ಮಾಮೂಲಿ ಸೂತ್ರ ಹಾಕಿದರೆ ಮೈನಸ್ ಇದ್ದವರು ಪ್ಲಸ್ ಆಗಿ ಎದ್ದು ಬರುತ್ತಾರೆ. ಈಗ ಬೇರೆ ಸೂತ್ರಗಳಿವೆ, ಹಳೇ ಅಂಕಿ ಸಿಕ್ಕರೆ ಅವು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತವೆ. ಹಾಗಾಗಿ ಆಪರೇಷನ್‌ಗೆ ಮುಂಚಿನ ಟೋಪೋಗ್ರಫಿ, ಕಾರ್ನಿಯಾದ ಬಾಗು ಅಳೆದ ಕೆರಟೋಮೀಟರ್ ಅಂಕಿಗಳು, ಹಳೇ ನಂಬರ್, ಎಷ್ಟು ಮೈಕ್ರಾನ್ ಸವೆಸಿದರು ಎಂಬ ಹಾಳೆ, ಇಷ್ಟನ್ನೂ ಆಸ್ಪತ್ರೆಯಿಂದ ಬರುವಾಗಲೇ ಕೇಳಿ ಪಡೆದು, ಫೋಟೋ ತೆಗೆದು, ಕಾಗದವನ್ನು ಮನೆಪತ್ರದ ಜೊತೆ ಬೀರುವಿನಲ್ಲಿಡಿ. ಹಳೇ ಕನ್ನಡಕವೂ ಅಲ್ಲೇ ಇರಲಿ. ಕಾಗದ ಕಳೆದರೂ ಯಾವ ಅಂಗಡಿಯವರಾದರೂ ಅದನ್ನು ಲೆನ್ಸೋಮೀಟರಿಗಿಟ್ಟು ಒಂದು ನಿಮಿಷದಲ್ಲಿ ನಂಬರ್ ಓದಿ ಹೇಳುತ್ತಾರೆ.